ಕನ್ನಡಕ್ಕೂ ತೆಲುಗಿಗೂ 128 ಮನೆ ದೂರ

ಹಿಂದೂಪುರ, ಕಲ್ಯಾಣದುರ್ಗದ ತಮ್ಮಂದಿರೇ, ತಂಗಿಯರೇ,

ಮನೇಲಿ ಕನ್ನಡ ಮಾತಾಡಿ, ಶಾಲೇಲಿ ತೆಲುಗು ಓದೋ ಮಕ್ಕಳು ನಮ್ಮ ಗಡಿ ಊರುಗಳಲ್ಲಿದ್ದಾರೆ. ಕನ್ನಡ ಕೇಳಿದ್ರೆ ಅರ್ಥ ಆಗುತ್ತೆ, ಓದಕ್ಕೆ ಬರಲ್ಲ. ಕಂಪ್ಯೂಟರ್ ಸೈನ್ಸ್ ಓದುವವರು ಈ ಸಲ ಪ್ರಾಜೆಕ್ಟನ್ನ ಎಲ್ಲಿಂದಲೋ ತಂದು ಒಪ್ಪಿಸಬೇಡಿ. ಈ ಮಕ್ಕಳಿಗಾಗಿ ಮಾಡಿ.

ಯೂನಿಕೋಡ್‌ನಲ್ಲಿ ತೆಲುಗು, ಕನ್ನಡ ಅಕ್ಕಪಕ್ಕದ ಮನೆಯವರು. ತೆಲುಗಿನ ‘ಕ’ ಸಂಖ್ಯೆ 3093, ಕನ್ನಡದ್ದು 3221. ವ್ಯತ್ಯಾಸ 128. ಎರಡರಲ್ಲೂ ಇರೋ ಅಕ್ಷರ, ಗುಣಿತಕ್ಕೆಲ್ಲ ಇದೇ ಲೆಕ್ಕ. ಕನ್ನಡದ ಸಂಖ್ಯೆಯಿಂದ 128 ಕಳೆದ್ರೆ ಅದೇ ಮಾತು ತೆಲುಗು ಲಿಪೀಲಿ ಬರುತ್ತೆ. ಪೈತಾನ್‌ನಲ್ಲಿ ಹತ್ತು ಸಾಲು ಸಾಕು. ಕನ್ನಡದ ಜಾಗ 3200ರಿಂದ 3327. ಅದರಾಚೆಯ ಇಂಗ್ಲಿಷ್ ಅಕ್ಷರ, ಖಾಲಿ ಜಾಗ ಮುಟ್ಟಬೇಡಿ. ಹಳಗನ್ನಡದ ‘ೞ’ಕ್ಕೆ ಈ ಲೆಕ್ಕ ನಡೆಯಲ್ಲ, ಅದನ್ನ ಬೇರೆಯಾಗಿ ನೋಡ್ಕೊಳ್ಳಿ.

ಸಿಕ್ಕಿಕೊಂಡ್ರೆ ಆನ್‌ಲೈನ್‌ನಲ್ಲಿ ಪ್ರೋಗ್ರಾಮರ್‌ಗಳನ್ನ ಕೇಳಿ. ಕೋಡ್ ಹಾಕಿ, ಏನು ಬರಬೇಕಿತ್ತು, ಏನು ಬಂತು ಅಂತ ಬರೀರಿ.

ಆದ್ರೆ ತೆಲುಗು ಲಿಪೀಲೇ ನಿಲ್ಲಿಸಬೇಡಿ. ಮೇಲೆ ಕನ್ನಡದ ಸಾಲು, ಕೆಳಗೆ ತೆಲುಗು ಲಿಪಿ ಇರಲಿ. ಮಗು ಕೆಳಗಿನದು ಓದ್ತಾ ಮೇಲಿನದು ಕಲೀಲಿ. ಕೆಳಗಿನ ಸಾಲು ಬೇಡ ಅಂತ ಮಗು ಹೇಳಿದ ದಿನ ನಿಮ್ಮ ಪ್ರಾಜೆಕ್ಟ್ ಪಾಸ್!