ಉಣ್ಣೆಯ ಬಣ್ಣ, ಕುರಿಯ ಮೈ
(ಬೆಳ್ಳಿ ಹಬ್ಬದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಭಾಷಣಕಾರರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಹೊಲಕ್ಕೆ ಇಳಿದವರು. "ಬಣ್ಣದ ಕೆಲಸ ನೋಡಿಕೊಂಡವರು ನೀವು, ಎರಡು ಮಾತು ನೀವೇ ಹೇಳಿ" ಎಂದು ಕಾರ್ಯದರ್ಶಿಗಳು ಒತ್ತಾಯ ಮಾಡಿದ್ದಕ್ಕೆ ಇಲ್ಲಿ ನಿಂತಿದ್ದೇವೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಬಣ್ಣದ ಮಾತು ಎತ್ತಿದಾಗ ಮೊದಲು ಅಡ್ಡ ಬಂದವರು ನಮ್ಮ ಹಿರಿಯರೇ. "ಕಂಬಳಿಗೆ ಬಣ್ಣ ಯಾಕ್ರಪ್ಪಾ? ಗದ್ದಿಗೆಗೆ ಹಾಸೋದು ಕರಿ ಕಂಬಳಿ, ಅದಕ್ಕೆ ದೇವರೇ ಬಣ್ಣ ಕೊಟ್ಟವನೆ" ಅಂದರು. ಅವರ ಮಾತು ಸರಿ. ಕರಿ ಉಣ್ಣೆಯನ್ನು ನಾವು ಇವತ್ತಿಗೂ ಮುಟ್ಟಿಲ್ಲ. ಆದರೆ ಹಿಂಡಿನಲ್ಲಿ ಬಿಳಿ, ಕಂದು, ಮಾಸಲು ಕುರಿಗಳೂ ಇರುತ್ತವಲ್ಲ? ಆ ಉಣ್ಣೆಯನ್ನು ಕೇಳುವವರೇ ಇಲ್ಲ. ನಮ್ಮ ಡೆಕ್ಕನಿ ಕುರಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಹಾಕಿದರೂ ಒಂದು ಕೆಜಿ ಉಣ್ಣೆ ಬರುವುದು ಕಷ್ಟ. ಕತ್ತರಿಸುವ ಕೂಲಿಯೂ ಗಿಟ್ಟದೆ ಉಣ್ಣೆಯನ್ನು ಬೇಲಿ ಸಾಲಿಗೆ ಬಿಸಾಡಿದ್ದನ್ನು ನೀವೂ ಕಂಡಿದ್ದೀರಿ, ನಾವೂ ಬಿಸಾಡಿದ್ದೇವೆ. ಇದೇ ಬೇಸರಕ್ಕೆ ಎಷ್ಟೋ ಮಂದಿ ನೆಲ್ಲೂರು ಕಡೆಯ ಉಣ್ಣೆಯಿಲ್ಲದ ಕುರಿ ಕಟ್ಟಿದರು. ಮಾಂಸಕ್ಕೆ ಅದು ಒಳ್ಳೆಯದೇ, ಇಲ್ಲವೆನ್ನುವುದಿಲ್ಲ. ಆದರೆ ಎಲ್ಲರೂ ಹಾಗೇ ಮಾಡಿದರೆ ಮಗ್ಗಕ್ಕೆ ನೂಲು ಎಲ್ಲಿಂದ ಬರಬೇಕು? ಮಾಸಲು ಉಣ್ಣೆಗೂ ನಾಲ್ಕು ಕಾಸು ಹುಟ್ಟಲಿ ಎಂದೇ ಬಣ್ಣಕ್ಕೆ ಕೈ ಹಾಕಿದ್ದು.

ಬಣ್ಣಕ್ಕೆ ದೂರ ಹೋಗಲಿಲ್ಲ. ನಮ್ಮ ಚಿತ್ರದುರ್ಗ ಸೀಮೆಯಲ್ಲಿ ಈರುಳ್ಳಿಗೇನು ಬರವೇ? ದರ ಬಿದ್ದ ವರ್ಷ ಗಡ್ಡೆಯನ್ನೇ ಕೇಳುವವರಿಲ್ಲ, ಸಿಪ್ಪೆಯ ಮಾತು ಬಿಡಿ. ಮಂಡಿಯಲ್ಲಿ ಗಾಳಿಗೆ ಹಾರಾಡುವ ಕೆಂಪು ಸಿಪ್ಪೆಯನ್ನು ಚೀಲಕ್ಕೆ ತುಂಬಿ ತಂದೆವು. ಒಂದು ಕೆಜಿ ನೂಲಿಗೆ ಒಂದು ಕೆಜಿ ಒಣ ಸಿಪ್ಪೆ. ಮೊದಲು ನೂಲಿನ ಜಿಡ್ಡು ಹೋಗಬೇಕು. ಅದಕ್ಕೆ ಅಂಟುವಾಳಕಾಯಿ ನೊರೆ, ಉಗುರುಬೆಚ್ಚಗಿನ ನೀರು. ಆಮೇಲೆ ಕೆಜಿಗೆ 100 ಗ್ರಾಂ ಪಟಿಕ ಕರಗಿಸಿ, ಅದರಲ್ಲಿ ನೂಲು ಮುಳುಗಿಸಿ, ಸಣ್ಣ ಉರಿಯಲ್ಲಿ ಒಂದು ಗಂಟೆ ಕಾಯಿಸಿ ಅಲ್ಲೇ ಆರಲು ಬಿಡಬೇಕು. ಉಣ್ಣೆಗೆ ಬಣ್ಣ ಹಿಡಿದು ನಿಲ್ಲುವುದು ಈ ಪಟಿಕದಿಂದ. ಸಿಪ್ಪೆಯನ್ನು ಬೇರೆ ಪಾತ್ರೆಯಲ್ಲಿ ಕುದಿಸಿ, ಸೋಸಿ, ತಣಿದ ರಸಕ್ಕೆ ನೂಲು ಇಳಿಸಿ ಮತ್ತೆ ನಿಧಾನ ಕಾಯಿಸಿದರೆ ಕಿತ್ತಳೆ ಮಿಶ್ರಿತ ಹಳದಿ ಬರುತ್ತದೆ. ಕೊನೆಯಲ್ಲಿ ಚಿಟಿಕೆ ಅನ್ನಭೇದಿ ಹಾಕಿದರೆ ಕಡು ಹಸಿರು-ಕಂದು. ಅನ್ನಭೇದಿ ಜಾಸ್ತಿಯಾದರೆ ನೂಲು ಒರಟಾಗಿ ಪುಟಪುಟನೆ ಮುರಿಯುತ್ತದೆ, ಜೋಪಾನ. ಇಷ್ಟೆಲ್ಲ ಹಾಸಿಗೆ ಹುಣಸೆಬೀಜದ ಗಂಜಿ ಹಾಕುವ ಮೊದಲೇ ಮುಗಿಯಬೇಕು.

ಇಷ್ಟು ಕಲಿಯುವುದಕ್ಕೆ ಸಂಘದ ನೂಲು ಹಾಳು ಮಾಡಿದ್ದೇವೆ, ಅದನ್ನೂ ಹೇಳಿಬಿಡುತ್ತೇವೆ. ಮೊದಲ ಸಲ ಕುದಿಯುವ ಪಾತ್ರೆಯಿಂದ ಲಡಿ ಎತ್ತಿ ಸೀದಾ ಬಾವಿ ನೀರಿಗೆ ಅದ್ದಿ, ಬಟ್ಟೆ ಹಿಂಡಿದ ಹಾಗೆ ಹಿಂಡಿದೆವು. ಎಳೆಗೆ ಎಳೆ ಕಚ್ಚಿಕೊಂಡು ಆರು ಕೆಜಿ ನೂಲು ಆರು ಮುದ್ದೆಯಾಯಿತು. ನೂತು ಕೊಟ್ಟ ಅಮ್ಮಂದಿರ ಮುಖ ನೋಡಲಾಗಲಿಲ್ಲ. ಅವರ ಕೂಲಿ ಸಂಘ ಕೊಟ್ಟಿತು, ನಷ್ಟ ಸಂಘದ ಲೆಕ್ಕದಲ್ಲಿದೆ. ಆ ಮುದ್ದೆಗಳು ಕಚೇರಿ ಬೆಂಚಿನ ಮೇಲೆ ದಿಂಬಾಗಿವೆ.

ಗಿಡದ ಬಣ್ಣವೆಂದರೆ ಎಲ್ಲವೂ ಒಳ್ಳೆಯದು ಎಂಬ ಭ್ರಮೆಯೂ ಬೇಡ. ಅರಿಶಿನದಲ್ಲಿ ಅದ್ದಿದ ಲಡಿಗೆ ಅರ್ಧ ರಟ್ಟು ಮುಚ್ಚಿ ಬಿಸಿಲಿಗಿಟ್ಟೆವು. ಹದಿನೈದು ದಿನಕ್ಕೆ ತೆರೆದ ಅರ್ಧ ಬಿಳಿಚಿಕೊಂಡಿತ್ತು. ಈರುಳ್ಳಿಯೂ ಸ್ವಲ್ಪ ಇಳಿಯಿತು. ದಾಳಿಂಬೆ ಸಿಪ್ಪೆ ಮಾತ್ರ ಚೆನ್ನಾಗಿ ತಡೆಯಿತು. ಹಾಗೆಯೇ ಮೈಲುತುತ್ತ ಹಾಕಿದರೆ ಚಂದದ ಹಸಿರು ಬರುತ್ತದೆ, ಬೇಡವೆಂದೆವು. ಆ ನೀರು ಹರಿಯುವುದು ನಮ್ಮ ದನ ಕುಡಿಯುವ ಹಳ್ಳಕ್ಕೆ. ಜಾಲಿ ತೊಗಟೆ ತರುತ್ತೇವೆ ಎಂದವರಿಗೂ ಬೇಡವೆಂದೆವು. ಸುತ್ತ ತೊಗಟೆ ಸುಲಿದ ಮರ ಉಳಿಯುವುದಿಲ್ಲ.

ಹೀಗೆ ನಾವು ಯಾರಿಗೂ ತೊಂದರೆಯಿಲ್ಲದ ಬಣ್ಣ ಮಾಡಿದೆವೆಂದು ಬೀಗುತ್ತಿದ್ದಾಗ, ಕಳೆದ ಸಲದ ಸಭೆಯಲ್ಲಿ ಕಾಲೇಜು ಓದುವ ನಮ್ಮೂರ ಹುಡುಗಿಯೊಬ್ಬಳು ಎದ್ದು ನಿಂತಳು. "ದೊಡ್ಡಪ್ಪಾ, ಮರಕ್ಕೆ ನೋವಾಗುತ್ತೆ, ಹಳ್ಳ ಕೆಡುತ್ತೆ ಅಂತೀರಿ. ಕುರೀನ ಕೇಳಿದೀರಾ? ಅದರ ಮೈ ಮೇಲಿನದ್ದನ್ನ ಕತ್ತರಿಸಿ ತಗೊಳೋದು ಸರಿಯಾ?" ಅಂದಳು. ಸಭೆ ನಕ್ಕಿತು. ನಾವೂ ನಕ್ಕೆವು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ಆಸ್ಟ್ರೇಲಿಯಾದ ಮೆರಿನೋ ಕುರಿಯ ಸಂಗತಿ ಅವಳೇ ಹೇಳಿದಳು. ಆ ಕುರಿಯ ಚರ್ಮ ಮಡಿಕೆ ಮಡಿಕೆ. ಹಿಂಭಾಗದಲ್ಲಿ ನೊಣ ಮೊಟ್ಟೆಯಿಟ್ಟು ಹುಳ ಬೀಳುತ್ತದೆಂದು ಮರಿಯಿದ್ದಾಗಲೇ ಅಲ್ಲಿನ ಚರ್ಮ ಕೊಯ್ದು ತೆಗೆಯುತ್ತಾರಂತೆ. ನ್ಯೂಜಿಲೆಂಡಿನಲ್ಲಿ 2018ರಲ್ಲಿ ಇದನ್ನು ನಿಷೇಧಿಸಿದರು. ನಮ್ಮ ಕುರಿಗೆ ಅಂಥ ಮಡಿಕೆಯಿಲ್ಲ, ಆ ಪಾಪ ನಮ್ಮದಲ್ಲ. ಹಾಗಂತ ನಮ್ಮ ಕತ್ತರಿ ಶುದ್ಧವೇ? ತಲೆಗಿಷ್ಟು ಎಂದು ಕೂಲಿ ಕೊಡುತ್ತೇವೆ, ಅವರು ಓಡಿಸುತ್ತಾರೆ. ನಾಲ್ಕು ಕಾಲು ಕಟ್ಟಿ ಬಿಸಿಲಲ್ಲಿ ಕೆಡವುತ್ತಾರೆ. ಹೊಟ್ಟೆಯ ಹತ್ತಿರ, ಕೆಚ್ಚಲ ಹತ್ತಿರ ಚರ್ಮ ಕಚ್ಚುತ್ತದೆ. ಮಳೆಗಾಲವಾದರೆ ಆ ಗಾಯಕ್ಕೂ ಹುಳ ಬೀಳುತ್ತದೆ. ಅರಿಶಿನ, ಬೇವಿನೆಣ್ಣೆ ಮೆತ್ತಿ ಮುಂದಿನ ಕುರಿ ಎಳೆಯುತ್ತೇವೆ. ಕೂಲಿಯವರ ತಪ್ಪಲ್ಲ, ಕೂಲಿಯ ಲೆಕ್ಕ ಹಾಗೆ ಇಟ್ಟವರು ನಾವು.

ಕತ್ತರಿಸದೆ ಬಿಟ್ಟರೆ ಕುರಿಗೆ ಸುಖ ಎಂದೂ ಅಲ್ಲ. ಬೇಸಿಗೆಯಲ್ಲಿ ಮೈ ಬೇಯುತ್ತದೆ, ಜಡೆಗಟ್ಟಿದ ಉಣ್ಣೆಯಲ್ಲಿ ಉಣುಗು ಸೇರುತ್ತದೆ. ಇಷ್ಟು ಆ ಹುಡುಗಿಗೆ ಹೇಳಿದೆವು. "ಕೊನೆಗೆ ಕಟುಕರಿಗೆ ಕೊಡಲ್ವಾ?" ಎಂದು ಕೇಳಿದಳು. ಕೊಡುತ್ತೇವೆ. ಟಗರುಮರಿ ಮಾರಿಯೇ ನಮ್ಮ ಮಕ್ಕಳ ಫೀಸು ಕಟ್ಟಿದ್ದು. ಅದನ್ನು ಮುಚ್ಚಿಟ್ಟು ಉಣ್ಣೆ ಮಾತ್ರ ತೋರಿಸಿ ಪುಣ್ಯವಂತರಾಗಲು ನಮಗೆ ಬರುವುದಿಲ್ಲ. ಉಣ್ಣೆಗೆ ಬೆಲೆಯಿದ್ದರೆ ಒಂದು ಕುರಿ ಇನ್ನೆರಡು ವರ್ಷ ಹಿಂಡಿನಲ್ಲಿ ಇರುತ್ತದೆ, ಅಷ್ಟೇ ನಮ್ಮಿಂದ ಹೇಳಲಾಗುವುದು. ಆ ಉತ್ತರ ಅವಳಿಗೆ ಸಾಲಲಿಲ್ಲ, ಮುಖ ನೋಡಿದರೆ ತಿಳಿಯುತ್ತಿತ್ತು.

ಆದ್ದರಿಂದ ಆಡಳಿತ ಮಂಡಳಿಯ ಮುಂದೆ ನಾವೊಂದು ಅರ್ಜಿ ಕೊಟ್ಟಿದ್ದೇವೆ. ಕತ್ತರಿ ಕೂಲಿಯನ್ನು ತಲೆಯ ಲೆಕ್ಕ ಬಿಟ್ಟು ದಿನಗೂಲಿ ಮಾಡಬೇಕು, ಹೆಚ್ಚಿನ ಖರ್ಚಿನ ಅರ್ಧ ಸಂಘ ಹೊರಬೇಕು, ಕೆಲಸ ನೆರಳಲ್ಲೇ ಆಗಬೇಕು, ಗಾಯವಾದ ಕುರಿಗಳ ಲೆಕ್ಕ ಪುಸ್ತಕದಲ್ಲಿ ಬರೆಯಬೇಕು. ಇದರಿಂದ ಕಂಬಳಿಯ ದರ ಏರುತ್ತದೆ, ಚಳ್ಳಕೆರೆ ಸಂತೆಯಲ್ಲಿ ಗಿರಾಕಿ ಮುಖ ತಿರುಗಿಸುತ್ತಾನೆ ಎಂದು ಇಬ್ಬರು ನಿರ್ದೇಶಕರು ವಿರೋಧ ಹೇಳಿದ್ದಾರೆ. ಅವರ ಭಯ ಸುಳ್ಳಲ್ಲ. ಮಿಲ್ಲಿನ ರಗ್ಗು ಅರ್ಧ ಬೆಲೆಗೆ ಸಿಗುವ ಕಾಲ ಇದು. ವಿಷಯ ಮುಂದಿನ ಸರ್ವ ಸದಸ್ಯರ ಸಭೆಗೆ ಬರುತ್ತದೆ. ಕೈ ಎತ್ತುವವರು ನೀವು.

ಊಟವಾದ ಮೇಲೆ ಗೋದಾಮಿನ ಹಿಂದೆ ಬನ್ನಿ. ದಾಳಿಂಬೆ ಸಿಪ್ಪೆಯ ಪಾತ್ರೆ ಒಲೆ ಮೇಲಿದೆ, ಲಡಿ ಮಧ್ಯಾಹ್ನಕ್ಕೆ ಏಳುತ್ತದೆ. ಬಿಸಿ ಇರುವಾಗ ಯಾರೂ ತಣ್ಣೀರು ಹುಯ್ಯಬೇಡಿ.