ಬದಲಾಗುವ ಋತುಗಳು, ನಿಲ್ಲದ ಸೇವೆ

(ಶತಮಾನೋತ್ಸವದ ಸಭೆಯಲ್ಲಿ ನೀಡಿದ ಭಾಷಣ)



ಇಗರ್ಜಿಯೊಂದರ ನೂರು ವರ್ಷಗಳನ್ನು ಸ್ಮರಿಸುವಾಗ ಕಟ್ಟಡದ ವೃತ್ತಾಂತವನ್ನೂ ಸೇವೆ ಸಲ್ಲಿಸಿದ ಗುರುಗಳ ನಾಮಾವಳಿಯನ್ನೂ ಓದುವುದು ವಾಡಿಕೆ. ಅದು ಕೃತಜ್ಞತೆಯ ಕರ್ತವ್ಯವೇ ಸರಿ. ಆದರೆ ಆ ನಾಮಾವಳಿಯಲ್ಲಿ ಒಂದು ಹೆಸರಿಗೂ ಮುಂದಿನ ಹೆಸರಿಗೂ ನಡುವೆ ಏನು ನಡೆಯಿತೆಂಬುದನ್ನು ಯಾರೂ ಶಿಲೆಯಲ್ಲಿ ಕೆತ್ತಿಸುವುದಿಲ್ಲ. ಅದರ ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಬೆಳ್ಮಣ್ಣಿನ ಸುತ್ತಲಿನ ಬೇಸಾಯಗಾರರಿಗೆ ಋತುಭೇದವನ್ನು ವಿವರಿಸಬೇಕಾಗಿಲ್ಲ. ನೀರಿನ ಆಸರೆಯುಳ್ಳ ಗದ್ದೆಗಳಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆದ ಪ್ರದೇಶವಿದು. ಬೆಳೆ ಬೇರೆಯಾಗುತ್ತಿತ್ತು, ಗದ್ದೆ ಅದೇ ಆಗಿತ್ತು. ಧರ್ಮಕೇಂದ್ರದ ಸೇವಾಜೀವನವೂ ಅಂತಹುದೇ.

ಈ ಕರಾವಳಿಯ ಕಥೊಲಿಕರು ಕಂಡ ಅತಿ ಕಠಿಣ ಋತು 1784ರಲ್ಲಿ ಬಂದಿತು. ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಅನೇಕ ಇಗರ್ಜಿಗಳು ನೆಲಸಮವಾದವು; ಜನರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. 1799ರಲ್ಲಿ ಬಿಡುಗಡೆಯಾಗಿ ಮರಳಿದವರು ಪುನಃ ಇಗರ್ಜಿಗಳನ್ನು ಕಟ್ಟಿದರು. ನೆರೆಯ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿ ಹೀಗೆ ಮತ್ತೆ ತಲೆಯೆತ್ತಿದ್ದು. 2016ರಲ್ಲಿ ಅದು ಬಸಿಲಿಕದ ಗೌರವಕ್ಕೂ ಪಾತ್ರವಾಯಿತು. ನಡುವಿನ ಹದಿನೈದು ವರ್ಷ ವಿಶ್ವಾಸದ ದೀಪವನ್ನು ಕಾಪಾಡಿದವರು ಸಾಮಾನ್ಯ ಕುಟುಂಬಗಳವರು ಎಂಬುದನ್ನು ನಾವು ಮರೆಯಬಾರದು.

ಅನಂತರದ ಬದಲಾವಣೆಗಳು ಸೌಮ್ಯವಾದರೂ ಸಣ್ಣವಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಆರಾಧನಾ ವಿಧಿಯ ಶಾಸನವನ್ನು ಪ್ರಕಟಿಸಿದ ಬಳಿಕ, ಲತೀನಿನಲ್ಲಿ ನಡೆಯುತ್ತಿದ್ದ ಬಲಿಪೂಜೆಯು ನಮ್ಮ ಮನೆಮಾತಾದ ಕೊಂಕಣಿಯಲ್ಲಿ ಕೇಳಿಬಂತು. 1974ರ ಭೂಸುಧಾರಣೆಯು ಗೇಣಿದಾರರನ್ನು ಗದ್ದೆಯ ಒಡೆಯರನ್ನಾಗಿಸಿತು. ಮುಂಬಯಿಯೂ ಕೊಲ್ಲಿ ರಾಷ್ಟ್ರಗಳೂ ನಮ್ಮ ಯುವಕರನ್ನು ಕರೆದವು; ಹೆಂಚಿನ ಮನೆಗಳು ತಾರಸಿಯಾದವು, ಆದರೆ ಒಳಗೆ ದೀಪ ಹಚ್ಚುವವರು ಇಬ್ಬರು ವೃದ್ಧರಷ್ಟೇ ಆದರು. 2012ರಲ್ಲಿ ಉಡುಪಿ ಧರ್ಮಪ್ರಾಂತ್ಯವು ಮಂಗಳೂರಿನಿಂದ ಪ್ರತ್ಯೇಕಗೊಂಡು, ಕಲ್ಯಾಣಪುರದ ಮಿಲಾಗ್ರಿಸ್ ನಮ್ಮ ಪ್ರಧಾನಾಲಯವಾಯಿತು. ಇವೆಲ್ಲವನ್ನೂ ನಾವು ಜೀರ್ಣಿಸಿಕೊಂಡೆವು.

ಇಷ್ಟು ದೊಡ್ಡ ಬದಲಾವಣೆಗಳನ್ನು ತಾಳಿದ ನಾವು ಒಂದು ಸಣ್ಣ ಬದಲಾವಣೆಯ ಮುಂದೆ ಎಡವುತ್ತೇವೆ. ಅದು ವಿಚಾರಣಾ ಗುರುಗಳ ವರ್ಗಾವಣೆ. ಹೋದವರನ್ನು ಹೊಗಳಲು ಬಂದವರನ್ನು ತೆಗಳುವುದು, ಹಿಂದಿನವರು ಆರಂಭಿಸಿದ ಕಾರ್ಯ ತಮ್ಮದಲ್ಲವೆಂದು ಕೈಬಿಡುವುದು, ಒಬ್ಬೊಬ್ಬ ಗುರುವಿನ ಹೆಸರಿನಲ್ಲಿ ಒಂದೊಂದು ಪಂಗಡ ಕಟ್ಟುವುದು – ಇದು ಹೊಸ ರೋಗವಲ್ಲ. ತಾವು ಪೌಲನವರು, ತಾವು ಅಪೊಲ್ಲೋಸನವರು ಎಂದು ಕಚ್ಚಾಡಿದ ಕೊರಿಂಥದವರಿಗೆ ಸಂತ ಪೌಲರು ಕಟುವಾಗಿಯೇ ಬರೆದರು. ನೆಟ್ಟವನೂ ನೀರೆರೆದವನೂ ಬೆಳೆಸಿದವನಲ್ಲ ಎಂಬುದೇ ಅವರ ಉಪದೇಶದ ತಿರುಳು.

ಗುರುಗಳ ಕಡೆಯ ನೋವನ್ನೂ ಅರಿಯಬೇಕು. ಐದಾರು ವರ್ಷ ಮಕ್ಕಳಿಗೆ ದೀಕ್ಷಾಸ್ನಾನ ನೀಡಿ, ಸಾಯುವವರ ಹಾಸಿಗೆಯ ಬಳಿ ಕುಳಿತು, ಒಂದು ಊರನ್ನು ಪ್ರೀತಿಸಿದ ಮನುಷ್ಯನು ಒಂದು ಪತ್ರ ಬಂದೊಡನೆ ಪೆಟ್ಟಿಗೆ ಕಟ್ಟಿ ಹೊರಡುತ್ತಾನೆ. ಹೊಸ ಊರಿನಲ್ಲಿ ಮೊದಲ ಭಾನುವಾರವೇ ಅವನನ್ನು ತಕ್ಕಡಿಯಲ್ಲಿ ತೂಗಲಾಗುತ್ತದೆ. ಇದು ನ್ಯಾಯವೇ?

ಹಾಗಾದರೆ ಮಾಡತಕ್ಕದ್ದೇನು? 1983ರ ಧರ್ಮಸಭಾ ಕಾನೂನು ಸಂಹಿತೆಯು ಪ್ರತಿ ಧರ್ಮಕೇಂದ್ರಕ್ಕೂ ಆರ್ಥಿಕ ಸಮಿತಿ ಇರತಕ್ಕದ್ದೆಂದು ವಿಧಿಸಿ, ಪಾಲನಾ ಸಮಿತಿಗೂ ಸ್ಥಾನ ಕೊಟ್ಟಿದೆ. ಇವು ಹಬ್ಬದ ಊಟದ ಲೆಕ್ಕಕ್ಕೆ ಮಾತ್ರ ಇರುವ ಸಮಿತಿಗಳಲ್ಲ. ಗುರುಗಳು ಬದಲಾಗುವ ವಾರದಲ್ಲಿ ಪ್ರತಿ ವಾಳೆಯ ಗುರಿಕಾರರು ಒಂದು ಪಟ್ಟಿಯನ್ನು ಸಿದ್ಧಪಡಿಸಲಿ: ಹಾಸಿಗೆ ಹಿಡಿದವರು ಯಾರು, ಮಕ್ಕಳು ದೂರವಿದ್ದು ಒಂಟಿಯಾದವರು ಯಾರು, ಇಗರ್ಜಿಗೆ ಬರುವುದನ್ನು ನಿಲ್ಲಿಸಿದವರು ಯಾರು. ಹೊಸ ಗುರುಗಳ ಕೈಗೆ ಹೂಗುಚ್ಛದೊಡನೆ ಈ ಪಟ್ಟಿಯನ್ನೂ ಕೊಡಿರಿ. ಮೊದಲ ಭೇಟಿಗೆ ಅವರ ಜೊತೆಯಲ್ಲಿ ನಡೆಯಿರಿ. ಪರಮ ಪ್ರಸಾದಕ್ಕಾಗಿ ಕಾಯುವ ರೋಗಿಗೆ ವರ್ಗಾವಣೆಯ ಕಾರಣದಿಂದ ಒಂದು ತಿಂಗಳೂ ತಪ್ಪಬಾರದು.

ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಭತ್ತವನ್ನು ಸುಲಿದು ಮನೆಮಂದಿಯೆಲ್ಲ ಹಂಚಿಕೊಂಡು ಉಣ್ಣುತ್ತೇವೆ. ಬಿತ್ತಿದವನ ಹೆಸರನ್ನು ಆ ಅಕ್ಕಿಯ ಮೇಲೆ ಯಾರೂ ಹುಡುಕುವುದಿಲ್ಲ. ಮುಂದಿನ ನೂರು ವರ್ಷಗಳಲ್ಲಿ ನಿಮ್ಮ ಧರ್ಮಕೇಂದ್ರದ ಸೇವೆಯೂ ಹಾಗೆಯೇ ಎಲ್ಲರ ಸೊತ್ತಾಗಿ ಉಳಿಯಲೆಂದು ಪ್ರಾರ್ಥಿಸುತ್ತೇನೆ.