ನೆರವು ಭಿಕ್ಷೆಯಲ್ಲ, ಹಕ್ಕು



ವಿದೇಶಿ ಸರಕಿನ ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ನೆರವಾಗಲು ಅಮೇರಿಕವು 1962ರಲ್ಲೇ ಕಾನೂನು ರಚಿಸಿತು. ಆದರೆ ಅರ್ಹತೆಯ ನಿಯಮ ಎಷ್ಟು ಬಿಗಿಯಾಗಿತ್ತೆಂದರೆ, 1969ರವರೆಗೆ ಒಂದು ಅರ್ಜಿಯೂ ಅಂಗೀಕಾರವಾಗಲಿಲ್ಲ. 1974ರ ಕಾನೂನು ಆ ಬಿಗಿಯನ್ನು ಸಡಿಲಿಸಿತು. ಮೂವರು ಕಾರ್ಮಿಕರು ಕೂಡಿ ಅರ್ಜಿ ಸಲ್ಲಿಸಬಹುದಾಯಿತು. ಆಮದು ಏಕೈಕ ಕಾರಣವಲ್ಲದಿದ್ದರೂ ಮಹತ್ವದ ಕಾರಣವಾಗಿದ್ದರೆ ಸಾಕಾಯಿತು. ಅರ್ಹರಿಗೆ ಹೊಸ ಕಸುಬಿನ ತರಬೇತಿ ಮತ್ತು ಜೀವನಭತ್ಯೆ ದೊರೆಯುತ್ತಿತ್ತು.

ಆದರೆ ಯಂತ್ರದ ಆಗಮನದಿಂದ ಕೆಲಸ ಹೋದವನು ಅರ್ಹನಾಗಿರಲಿಲ್ಲ. ಇಬ್ಬರ ಮನೆಯ ಒಲೆಯೂ ಒಂದೇ ರೀತಿ ಆರುವುದಲ್ಲವೇ? ಸಂಸತ್ತು ಅವಧಿಯನ್ನು ವಿಸ್ತರಿಸದ ಕಾರಣ 2022ರ ಜುಲೈಯಲ್ಲಿ ಹೊಸ ಅರ್ಜಿಗಳ ಇತ್ಯರ್ಥವೂ ನಿಂತುಹೋಯಿತು.

ವ್ಯಾಪಾರದ ಲಾಭವನ್ನು ದೇಶವೆಲ್ಲ ಉಣ್ಣುವಾಗ, ನಷ್ಟವನ್ನು ಕೆಲವೇ ಕುಟುಂಬಗಳ ತಲೆಗೆ ಕಟ್ಟುವುದು ಯಾವ ನ್ಯಾಯ? ಚಿಂತಿಸೋಣ.